ಬಾನೆಟ್ಟಿನ ಕೆಳಗಿನ ಇಲಿ ಮತ್ತು ಶ್ರಾವಕನ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ: 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳ ಪೇಟೆಬೀದಿಗಳಲ್ಲಿ ಮಳಿಗೆ, ಗೋದಾಮು, ವಾಸದ ಮನೆ ಮೂರೂ ಒಂದೇ ಸೂರಿನಡಿ ಇರುವುದು ಹಳೆಯ ರೂಢಿ. ಮೆಕ್ಕೆಜೋಳ, ಶೇಂಗಾ, ಬಿಳಿಜೋಳದ ಚೀಲಗಳನ್ನು ಪೇರಿಸಿದ ಅಂಕಣದ ಮಗ್ಗುಲಿಗೇ ಈಚಿನ ದಶಕಗಳಲ್ಲಿ ಕಾರೂ ಬಂದು ನಿಂತಿದೆ. ಕೊಯಿಲು ಮುಗಿದು ಹೊಲಗಳು ಬರಿದಾದಾಗ ಇಲಿ, ಹೆಗ್ಗಣಗಳು ಊರಿನತ್ತ ಸರಿಯುತ್ತವೆ. ಚೆಲ್ಲಿದ ಕಾಳು ಒಂದೆಡೆ, ಎರಡು ಹೆಜ್ಜೆಯಾಚೆ ಎಂಜಿನ್ನಿನ ಬಿಸುಪು ಇನ್ನೂ ಆರದ ಕತ್ತಲೆಯ ಗೂಡು. ಇಷ್ಟು ಆದರದ ಆಮಂತ್ರಣವನ್ನು ಯಾವ ಜೀವಿ ತಾನೇ ನಿರಾಕರಿಸೀತು?

ಅನಂತರದ ಕಥೆ ಎಲ್ಲರಿಗೂ ತಿಳಿದುದೇ. ಬೆಳಿಗ್ಗೆ ಕಾರು ಚಾಲೂ ಆಗುವುದಿಲ್ಲ. ಒಂದು ತಂತಿ ತುಂಡಾಗಿದ್ದರೆ ಕೆಲವು ನೂರು ರೂಪಾಯಿಗಳಲ್ಲಿ ಬೆಸುಗೆಯಾದೀತು. ವೈರಿಂಗ್ ಹಾರ್ನೆಸ್ ಎಂಬ ಇಡೀ ತಂತಿಕಟ್ಟನ್ನೇ ಬದಲಿಸಬೇಕಾದರೆ ವೆಚ್ಚ ಹತ್ತಾರು ಸಾವಿರಕ್ಕೆ ಏರುತ್ತದೆ. ಎಷ್ಟೋ ಬಾರಿ ಹೊಸಪೇಟೆಗೋ ದಾವಣಗೆರೆಗೋ ವಾಹನವನ್ನು ಎಳೆಸಿಕೊಂಡು ಹೋಗುವ ಬಾಡಿಗೆ ಬೇರೆ. ಥರ್ಡ್ ಪಾರ್ಟಿ ವಿಮೆಯೊಂದನ್ನೇ ಮಾಡಿಸಿದವನಿಗೆ ಇದರಲ್ಲಿ ಒಂದು ಕಾಸೂ ಮರಳಿ ಬಾರದು. ಬಿಲ್ಲು ಕೈಸೇರಿದ ಸಂಜೆಯೇ, ನೀರನ್ನು ಸೋಸದೆ ಕುಡಿಯದ, ಸೂರ್ಯಾಸ್ತದ ನಂತರ ಅನ್ನ ಮುಟ್ಟದ ಸದ್ಗೃಹಸ್ಥನು ಚಾಲಕನ ಕೈಗೆ ಹಣವಿತ್ತು ಮೆಲುದನಿಯಲ್ಲಿ ಹೇಳುವ ಮಾತೊಂದಿದೆ: "ಏನಾದರೂ ತಂದು ಇಡು, ನನಗೆ ತೋರಿಸಬೇಡ."

ಈ "ತೋರಿಸಬೇಡ" ಎಂಬ ಪದವೇ ಇಲ್ಲಿ ವಿಚಾರಣೀಯವಾದುದು. ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಕರ್ಮವನ್ನು ಗಣಿಸುವ ಧರ್ಮದಲ್ಲಿ, ತಾನು ಮಾಡಲಿಲ್ಲ, ಮಾಡಿಸಿದೆನಷ್ಟೆ ಎಂಬ ಸಮಾಧಾನಕ್ಕೆ ಎಡೆಯೆಲ್ಲಿದೆ? ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯಲ್ಲಿ ಅರಸನು ಕಡಿದದ್ದು ಹಿಟ್ಟಿನ ಕೋಳಿಯನ್ನು ಮಾತ್ರ. ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಆ ಕಥೆಯನ್ನು ಕೇಳಿ ಕಣ್ಣೊರೆಸಿಕೊಂಡು ಮನೆಗೆ ಬಂದು, ಹಿಟ್ಟಿನದಲ್ಲದ ಪಂಚೇಂದ್ರಿಯ ಜೀವಕ್ಕೆ ಹಿಟ್ಟಿನಲ್ಲಿಯೇ ವಿಷ ಕಲಸಿಡುವುದು ಎಂತಹ ಶ್ರವಣ!

ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಸಂಪೂರ್ಣವಾಗಿ ತಪ್ಪಿದ್ದಲ್ಲ, ಆತನು ತೊರೆಯಬೇಕಾದುದು ಸಂಕಲ್ಪೀ ಹಿಂಸೆಯನ್ನು ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಸರಿ; ಆದರೆ ಇಲಿ ಯಾವಾಗ ವೈರಿಯಾಯಿತು? ಅದರ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ, ವರ್ಷಕ್ಕೆ 10 ಸೆಂ.ಮೀ.ಗೂ ಹೆಚ್ಚು. ಕಡಿದು ಸವೆಸದಿದ್ದರೆ ಅದು ಉಣ್ಣಲಾರದು. ತಂತಿಯ ಹೊದಿಕೆಯಲ್ಲಿ ಸೋಯಾ ಅಂಶವಿರುವುದೇ ಕಾರಣವೆಂದು ಅಮೆರಿಕದ ಕೆಲವು ಗ್ರಾಹಕರು 2016ರಲ್ಲಿ ಟೊಯೊಟಾ ಕಂಪನಿಯ ವಿರುದ್ಧ ನ್ಯಾಯಾಲಯಕ್ಕೂ ಹೋದರು. ಸೋಯಾ ಇಲ್ಲದ ಹಳೆಯ ಪಿ.ವಿ.ಸಿ. ತಂತಿಯನ್ನೂ ಇಲಿ ಬಿಟ್ಟದ್ದಿಲ್ಲ. ತನ್ನ ದೇಹಧರ್ಮವನ್ನು ನಡೆಸಿದ ಜೀವಿಯನ್ನು ಶತ್ರುಪಟ್ಟಿಗೆ ಸೇರಿಸಿ ವಿರೋಧೀ ಹಿಂಸೆಯ ರಿಯಾಯಿತಿ ಪಡೆಯುವುದು ಖೋಟಾ ರಸೀತಿಗೆ ಸಮಾನ. ವರ್ಷದ ಅನ್ನವನ್ನೇ ಕಳೆದುಕೊಳ್ಳುವ ರೈತನ ಪ್ರಶ್ನೆ ಬೇರೆ. ಕಾರಿನ ಒಡೆಯನು ಅವನನ್ನು ತನ್ನ ಪರ ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ.

ವಿಷವಾದರೂ ಎಂತಹುದು? ಬ್ರೊಮಾಡಿಯೋಲೋನ್ ತಿಂದ ಇಲಿಯ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಂಡು, ಒಳಗೊಳಗೇ ಸ್ರಾವವಾಗಿ, ಹಲವು ದಿನಗಳ ಮೇಲೆ ಪ್ರಾಣ ಹೋಗುತ್ತದೆ. ಆ ಹೆಣವನ್ನು ನುಂಗಿದ ಗೂಬೆಯೂ ಉಳಿಯುವುದು ಅನಿಶ್ಚಿತ. ಅಂಟಿನ ಹಲಗೆಯಂತೂ ಇದಕ್ಕಿಂತ ಹೀನ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೂ ಅನ್ನಪಾನನಿರೋಧವೂ ಸೇರಿವೆ. ಎರಡನ್ನೂ ಒಟ್ಟಿಗೆ, ಒಂದೇ ಹಾಳೆಯ ಮೇಲೆ, ಅಗ್ಗದ ಬೆಲೆಗೆ ಮಾರುವ ವಸ್ತು ಅದು. ಇಷ್ಟಾಗಿಯೂ ಲಾಭವೇನು? ಮೂರು ವಾರಗಳ ಗರ್ಭದಲ್ಲಿ ಆರೆಂಟು ಮರಿ ಹಾಕುವ ಪ್ರಾಣಿಯ ಸಂಖ್ಯೆ, ನೆಲದ ಮೇಲೆ ಕಾಳು ಉಳಿದಿರುವವರೆಗೆ ಮತ್ತೆ ತುಂಬಿಕೊಳ್ಳುತ್ತದೆ. ವಿಷ ತಿಂದದ್ದು ಹವಾನಿಯಂತ್ರಕದ ನಾಳದೊಳಗೆ ಸತ್ತರೆ ಅದನ್ನು ಬಿಚ್ಚಿಸಿ ತೆಗೆಸಲು ಇನ್ನೊಂದು ಬಿಲ್ಲು.

ಕಡಿದ ತಂತಿಯಿಂದ ಬೆಂಕಿ ಹೊತ್ತೀತು, ಇಲಿಯಿಂದ ರೋಗ ಬಂದೀತು ಎಂಬ ಭಯ ಸುಳ್ಳಲ್ಲ. ಆದರೆ ಆ ಭಯವು ಬೇಡುವುದು ಯತ್ನಾಚಾರವನ್ನು. ಚೀಲಗಳ ಅಂಕಣಕ್ಕೂ ಕಾರಿಗೂ ನಡುವೆ ಗೋಡೆ, ಬಾಗಿಲಿನ ಸಂದಿಗೆ ತಗಡು, ಗಾಳಿ ಒಳಸೇರುವ ದ್ವಾರಕ್ಕೆ ಉಕ್ಕಿನ ಜಾಲರಿ, ದಿನವೂ ಕಸಗುಡಿಸುವಿಕೆ, ವಾರಗಟ್ಟಲೆ ನಿಲ್ಲಿಸದೆ ವಾಹನವನ್ನು ಚಲಿಸುತ್ತಿರುವುದು: ಇವಕ್ಕೆ ತಗಲುವ ಹಣ ಒಂದು ತಂತಿಕಟ್ಟಿನ ಬೆಲೆಗಿಂತ ಕಡಿಮೆ. ಹೋಂಡಾ ಕಂಪನಿಯು ಮೆಣಸಿನಕಾಯಿಯ ಖಾರದ ಸತ್ವ ಲೇಪಿಸಿದ ಟೇಪನ್ನೇ ತಂತಿಗಳಿಗೆ ಸುತ್ತಲೆಂದು ಮಾರುತ್ತದೆ. ಅಹಿಂಸೆಯ ಹೆಸರನ್ನೂ ಎತ್ತದ ವ್ಯಾಪಾರಿಗೆ ಹೊಳೆದದ್ದು ಅಹಿಂಸೆಯ ವಾರಸುದಾರನಿಗೆ ಹೊಳೆಯಲಿಲ್ಲ. ಕಾರು ಚಾಲೂ ಮಾಡುವ ಮುನ್ನ ಬಾನೆಟ್ಟನ್ನು ಎರಡು ಬಾರಿ ತಟ್ಟಿದರೆ ಒಳಗಿನ ಜೀವ ಪಂಕಕ್ಕೆ ಸಿಲುಕದೆ ಓಡೀತು. ಹೆಜ್ಜೆ ಇಡುವ ಮೊದಲು ನೆಲ ನೋಡುವುದಕ್ಕೂ ಇದಕ್ಕೂ ವ್ಯತ್ಯಾಸವೇನಿಲ್ಲ. ಬೋನಿನಲ್ಲಿ ಹಿಡಿದು ಪರರ ಹೊಲದಲ್ಲಿ ಬಿಟ್ಟುಬರುವವರೂ ಉಂಟು. ಅದು ಸ್ವಂತ ಸಾಲವನ್ನು ನೆರೆಯವನ ಖಾತೆಗೆ ವರ್ಗಾಯಿಸಿದಂತೆ.

ಇಷ್ಟೆಲ್ಲ ಆದ ಮೇಲೂ ಒಮ್ಮೊಮ್ಮೆ ತಂತಿ ತುಂಡಾದೀತು. ಆ ಬಿಲ್ಲನ್ನು ಸವಕಳಿಯಂತೆ ಖರ್ಚಿಗೆ ಹಾಕಿಕೊಳ್ಳಬೇಕು. ಕಾರನ್ನು ಪರಿಗ್ರಹವಾಗಿ ಇಟ್ಟುಕೊಂಡವನು ಟೈರು ಸವೆದುದಕ್ಕೆ ರಸ್ತೆಯನ್ನು ದಂಡಿಸುವುದಿಲ್ಲವಷ್ಟೆ.

ಇನ್ನೊಂದು ಕಹಿ ಮಾತನ್ನು ಮುಚ್ಚಿಡುವುದು ಸಲ್ಲದು. ಚಾಲಕನು ಆ ವಿಷವನ್ನು ತಂದದ್ದು ಯಾರ ಅಂಗಡಿಯಿಂದ? ವಿಷವಾಣಿಜ್ಯವು ಶ್ರಾವಕನಿಗೆ ವರ್ಜ್ಯವಾದ ಹದಿನೈದು ಕರ್ಮಾದಾನಗಳಲ್ಲಿ ಒಂದು; ಹೇಮಚಂದ್ರಾಚಾರ್ಯರ 'ಯೋಗಶಾಸ್ತ್ರ'ದಲ್ಲಿ ಅದರ ಎಣಿಕೆಯಿದೆ. ಕಿರಾಣಿ ಮಳಿಗೆಯಲ್ಲಿ ಬೇಳೆಯ ಡಬ್ಬಿಯ ಹಿಂದೆ ಇಲಿಪಾಷಾಣದ ಪೊಟ್ಟಣ, ಎದುರುಗೋಡೆಯ ಮೇಲೆ ತೀರ್ಥಂಕರರ ಪಟ ಇರುವಲ್ಲಿ ಗಿರಾಕಿಯ ಪಾಪಕ್ಕಿಂತ ಮೊದಲು ಗಲ್ಲಾದ ಲೆಕ್ಕ ನೋಡಬೇಕಾಗುತ್ತದೆ. ಪೊಟ್ಟಣವೊಂದರಲ್ಲಿ ಉಳಿಯುವ ಲಾಭ ಕೆಲವೇ ರೂಪಾಯಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಲ್ಲಿ ಪ್ರಾಚೀನ ಬಸದಿ ಇಂದಿಗೂ ನಿಂತಿದೆ. ಅದರ ದರ್ಶನಕ್ಕೆಂದು ಕಾರಿನಲ್ಲಿ ಹೊರಡುವ ಕುಟುಂಬಗಳು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಬರುವ ಚಾತುರ್ಮಾಸ ಮುಗಿದು ಮೆಕ್ಕೆಜೋಳದ ಮೊದಲ ಚೀಲಗಳು ಗೋದಾಮಿಗೆ ಇಳಿಯುವ ಮುನ್ನ, ಐದೂ ಊರುಗಳ ಸಂಘಗಳು ತಮ್ಮ ಸದಸ್ಯರ ಮಳಿಗೆಗಳಿಂದ ಆ ಪೊಟ್ಟಣಗಳನ್ನು ಕೆಳಗಿಳಿಸುವ ಠರಾವನ್ನು ಮಾಡಬಲ್ಲವೇ?