ಸೋದರಿಯರ ಹಳೆಯ ಮನೆ

ಆಗಸ್ಟ್ ತಿಂಗಳು ಬಂತೆಂದರೆ ಅಮೆರಿಕದ ಅಲಬಾಮಾ ವಿಶ್ವವಿದ್ಯಾನಿಲಯದ ಬೀದಿಗಳಲ್ಲಿ ವಿಲಕ್ಷಣವಾದ ಒಂದು ಜಾತ್ರೆ ನೆರೆಯುತ್ತದೆ. ಹೊಸದಾಗಿ ಕಾಲೇಜು ಸೇರಿದ ಹುಡುಗಿಯರು ಎತ್ತರದ ಕಂಬಗಳುಳ್ಳ ದೊಡ್ಡ ದೊಡ್ಡ ಮನೆಗಳ ಮುಂದೆ ಸಾಲಾಗಿ ನಿಂತು, ಒಳಗಿನವರು ತಮ್ಮನ್ನು ಆರಿಸಿಕೊಂಡಾರೇ ಎಂದು ಕಾಯುತ್ತಾರೆ. 2021ರಿಂದ ಈಚೆಗೆ ಈ ಆಯ್ಕೆಯ ಸಂಭ್ರಮ ಟಿಕ್‌ಟಾಕ್‌ನ ಮೂಲಕ ಲೋಕಕ್ಕೆಲ್ಲ ಪರಿಚಿತವಾಗಿದೆ. ಆ ಹುಡುಗಿಯರ ಉಡುಪು, ಕುಣಿತ, ಕಣ್ಣೀರುಗಳ ಬಗ್ಗೆ ಬೇಕಾದಷ್ಟು ಮಾತು ನಡೆದಿದೆ. ಇಂಥ ಮನೆಗಳನ್ನು ನಡೆಸುವವರು ಯಾರು ಎಂದು ಕೇಳಿದವರು ಕಡಮೆ. ಒಳಗೆ ವಾಸಿಸುವ ಹುಡುಗಿಯರಂತೂ ಅಲ್ಲ. ಓದು ಮುಗಿಸಿ ಎಂದೋ ಊರು ಬಿಟ್ಟುಹೋದ, ಈಗ ಐವತ್ತು ಎಪ್ಪತ್ತರ ವಯಸ್ಸಿನ ಹಳೆಯ ವಿದ್ಯಾರ್ಥಿನಿಯರು ದೇಶದ ಹಲವು ಮೂಲೆಗಳಿಂದ ಅವುಗಳ ಆಡಳಿತ ಹಿಡಿದಿದ್ದಾರೆ.

ಈ ಸಂಘಗಳಿಗೆ ಅಲ್ಲಿ 'ಸೊರಾರಿಟಿ' ಎಂದು ಹೆಸರು. 1874ರಲ್ಲಿ ಸಿರಕ್ಯೂಸ್‌ನಲ್ಲಿ ಹುಟ್ಟಿದ ಗಾಮಾ ಫೈ ಬೀಟಾ ಸಂಘಕ್ಕಾಗಿ ಅಲ್ಲಿನ ಲ್ಯಾಟಿನ್ ಅಧ್ಯಾಪಕ ಫ್ರಾಂಕ್ ಸ್ಮಾಲಿ 1882ರಲ್ಲಿ ಟಂಕಿಸಿಕೊಟ್ಟ ಪದ ಅದು. 'ಸೊರೋರ್' ಎಂದರೆ ಲ್ಯಾಟಿನ್ನಿನಲ್ಲಿ ಅಕ್ಕತಂಗಿ. ನಮ್ಮ ಕಿವಿಗೆ ಇದು 'ಸೋದರಿ'ಯ ಹಾಗೆಯೇ ಕೇಳುತ್ತದೆ. ಆದರೆ 'ಸೋದರಿ' ಒಂದೇ ಉದರದಲ್ಲಿ ಹುಟ್ಟಿದವಳು, 'ಸೊರೋರ್'ನ ನಿಜವಾದ ಬಂಧು ಸಂಸ್ಕೃತದ 'ಸ್ವಸೃ'. ಧ್ವನಿಯಲ್ಲಿ ಮಾತ್ರ ಅಕ್ಕತಂಗಿಯರಾದ ಈ ಎರಡು ಪದಗಳು, ಒಡಹುಟ್ಟದೆಯೇ ಸೋದರಿಯರಾಗಲು ಹೊರಟವರ ಸಂಘಕ್ಕೆ ಒಪ್ಪುವಂತೆಯೇ ಇವೆ.

ಇರಲಿ. ಆ ಕಾಲಕ್ಕೆ ಇಂಥ ಸಂಘಗಳು ಬೇಕೇಬೇಕಾಗಿದ್ದವು. ಇಂಡಿಯಾನಾದ ಆಸ್‌ಬರಿ ವಿಶ್ವವಿದ್ಯಾನಿಲಯ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1867ರಲ್ಲಿ. ಅಲ್ಲಿಗೆ ಬಂದ ನಾಲ್ವರು ತರುಣಿಯರು 1870ರಲ್ಲಿ ಕಾಪಾ ಆಲ್ಫಾ ಥೀಟಾ ಕಟ್ಟಿಕೊಂಡರು. ಗಂಡಸರ ನಡುವೆ ಬೆರಳೆಣಿಕೆಯಷ್ಟು ಮಂದಿ ಹೆಂಗಸರು ಕೂಡಿ ಕುಳಿತುಕೊಳ್ಳಲು ಅವರಿಗೊಂದು ನೆಪ ಬೇಕಿತ್ತು. ಕೂಡಿ ಕುಳಿತವರಿಗೆ ಮುಂದೆ ಒಂದು ಜಾಗವೂ ಬೇಕಾಯಿತು. ಸಿರಕ್ಯೂಸ್‌ನ ಆಲ್ಫಾ ಫೈ 1886ರಲ್ಲಿ ಸ್ವಂತ ಮನೆ ಕಟ್ಟಿಸಿತು. ಹೆಂಗಸರ ಇಂಥ ಸಂಘವೊಂದು ತನಗೆಂದೇ ಕಟ್ಟಿಸಿಕೊಂಡ ಮೊದಲ ಮನೆ ಅದು. ಹೆಂಗಸರಿಗೆ ದೇಶದಾದ್ಯಂತ ಮತದ ಹಕ್ಕು ದೊರೆಯಲು ಇನ್ನೂ 34 ವರ್ಷ ಕಾಯಬೇಕಾಗಿದ್ದ ಕಾಲದಲ್ಲಿ ಅವರು ನಿವೇಶನ, ಸಾಲ, ಕಲ್ಲು, ಇಟ್ಟಿಗೆಗಳ ಲೆಕ್ಕ ಹಿಡಿದರು. ಈ ಸಾಹಸವನ್ನು ನಾನು ಸಣ್ಣದೆನ್ನಲಾರೆ.

ಆದರೆ ಮನೆಗಳಿಗೂ ಮುಪ್ಪು ಬರುತ್ತದೆ. ಶಾಖೆಯ ಮನೆಗೆ ಸಾಮಾನ್ಯವಾಗಿ ಬೇರೆಯೇ ಒಂದು ನಿಗಮವಿರುತ್ತದೆ. ಹಳೆಯ ವಿದ್ಯಾರ್ಥಿನಿಯರು ಸಂಬಳವಿಲ್ಲದೆ ಅದರ ಆಡಳಿತ ನೋಡುತ್ತಾರೆ. ಅಡುಗೆಯವರನ್ನು ಗೊತ್ತುಮಾಡುವುದು, ಕೊಳಾಯಿ ರಿಪೇರಿ, ವಿಮೆ, ಸಾಲದ ಕಂತು ಎಲ್ಲವೂ ಅವರ ಪಾಲು. ವರಮಾನವೆಂದರೆ ಮುಖ್ಯವಾಗಿ ಅಲ್ಲಿರುವ ಹುಡುಗಿಯರು ಕೊಡುವ ಬಾಡಿಗೆ. ಮಂಚಗಳು ಖಾಲಿ ಬಿದ್ದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದಲೇ ಸದಸ್ಯೆಯಾದವಳು ಇಂತಿಷ್ಟು ಕಾಲ ಆ ಮನೆಯಲ್ಲಿಯೇ ವಾಸಿಸಬೇಕೆಂಬ ಕಟ್ಟಳೆ ಅನೇಕ ಶಾಖೆಗಳಲ್ಲಿ ಉಂಟು. ಸೋದರೀಭಾವದ ಹಿಂದೆ ಸಾಲದ ಕಂತೂ ನಿಂತಿದೆಯೆಂಬುದನ್ನು ಸೇರುವ ದಿನ ಯಾರೂ ನೆನೆಯುವುದಿಲ್ಲ. 2020ರ ಮಾರ್ಚಿಯಲ್ಲಿ ಕೊರೋನಾ ಬಂದು ಕಾಲೇಜುಗಳು ಮುಚ್ಚಿ ಮನೆಗಳು ಬರಿದಾದಾಗ ಈ ಲೆಕ್ಕ ಎಲ್ಲರ ಕಣ್ಣಿಗೂ ಬಿತ್ತು.

ಅದಕ್ಕಿಂತ ದೊಡ್ಡ ಭಯ ಬೆಂಕಿಯದು. 1996ರ ಮೇ 12ರಂದು ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ಗಂಡುಮಕ್ಕಳ ಸಂಘವೊಂದರ ಮನೆಗೆ ಬೆಂಕಿ ಬಿದ್ದು ಐವರು ವಿದ್ಯಾರ್ಥಿಗಳು ಸತ್ತರು. ಅದು ಅಲ್ಲಿ ಪದವಿ ಪ್ರದಾನದ ದಿನವಾಗಿತ್ತು. ಆ ಬಳಿಕ ಆ ಊರು ಇಂಥ ಮನೆಗಳೆಲ್ಲದರಲ್ಲಿಯೂ ಬೆಂಕಿಯ ಶಾಖಕ್ಕೆ ತಾವಾಗಿಯೇ ನೀರೆರಚುವ ಕೊಳವೆಗಳನ್ನು ಕಡ್ಡಾಯ ಮಾಡಿತು. ಹಳೆಯ ಮರದ ಕಟ್ಟಡದ ಗೋಡೆ, ತಾರಸಿಗಳನ್ನು ಬಿಚ್ಚಿ ಕೊಳವೆ ಹಾಕಿಸುವುದು ಕೈ ಸುಡುವ ಖರ್ಚು. ಅದಕ್ಕೆ ದೇಣಿಗೆ ಕೇಳಹೊರಟರೆ ತೆರಿಗೆಯ ಕಾನೂನು ಅಡ್ಡಬರುತ್ತದೆ. ಸಂಘದ ಮನೆ ಕಾನೂನಿನ ಕಣ್ಣಿನಲ್ಲಿ ಕ್ಲಬ್ಬು. ಕ್ಲಬ್ಬಿಗೆ ಕೊಟ್ಟ ಹಣಕ್ಕೆ ತೆರಿಗೆಯ ವಿನಾಯಿತಿಯಿಲ್ಲ. ಶೈಕ್ಷಣಿಕ ನಿಧಿಯೊಂದರ ಮೂಲಕ ಓದುವ ಕೋಣೆಗೆ ಕೊಟ್ಟರೆ ಉಂಟು, ಮಲಗುವ ಕೋಣೆಗೆ ಕೊಟ್ಟರೆ ಇಲ್ಲ. ನಿದ್ರಿಸುವವಳು ಬೆಂಕಿಗೆ ಹೆಚ್ಚು ಸುಲಭವಾಗಿ ಸಿಕ್ಕುವಳೆಂಬುದು ಕಾನೂನು ಬರೆದವರಿಗೆ ಹೊಳೆದಂತಿಲ್ಲ! ಇದನ್ನು ತಿದ್ದುವ ಮಸೂದೆ ಅಮೆರಿಕದ ಸಂಸತ್ತಿನ ಮುಂದೆ ಹಲವು ಸಲ ಬಂದಿದೆ.

ಹೀಗೆ ಮನೆ ಮುದಿಯಾದಷ್ಟೂ ಹಳೆಯ ಸೋದರಿಯರ ಆಸರೆ ಹೆಚ್ಚು ಬೇಕಾಗುತ್ತದೆ. ಆಸರೆ ಕೊಟ್ಟವರ ಮಾತಿಗೆ ತೂಕವೂ ಹೆಚ್ಚುತ್ತದೆ. ಈ ತೂಕ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಅಲಬಾಮಾ ತೋರಿಸಿಕೊಟ್ಟಿತು. ಅಲ್ಲಿನ ವಿದ್ಯಾರ್ಥಿ ಪತ್ರಿಕೆ 'ಕ್ರಿಮ್ಸನ್ ವೈಟ್' 2013ರ ಸೆಪ್ಟೆಂಬರಿನಲ್ಲಿ ಒಂದು ವರದಿ ಪ್ರಕಟಿಸಿತು. ಓದಿನಲ್ಲಿ ಮುಂದಿದ್ದ ಕಪ್ಪು ಹುಡುಗಿಯೊಬ್ಬಳನ್ನು ಸೇರಿಸಿಕೊಳ್ಳಲು ಮನೆಯೊಳಗಿನ ಹುಡುಗಿಯರು ಸಿದ್ಧರಿದ್ದರೂ ಹಳೆಯ ವಿದ್ಯಾರ್ಥಿನಿಯರು ತಡೆದರೆಂದು ಒಳಗಿನವರೇ ಬಾಯಿಬಿಟ್ಟು ಹೇಳಿದ್ದರು. ಆ ವಿಶ್ವವಿದ್ಯಾನಿಲಯದಲ್ಲಿ ಕಪ್ಪು ಜನ ನೆಲೆಯಾಗಿ ಕಾಲೂರಿದ್ದು 1963ರಲ್ಲಿ. ತರಗತಿಯ ಬಾಗಿಲು ತೆರೆದು ಐವತ್ತು ವರ್ಷವಾದರೂ ಮನೆಯ ಬಾಗಿಲು ಹೆಚ್ಚುಕಡಮೆ ಮುಚ್ಚಿಯೇ ಇತ್ತೆಂದಾಯಿತು. ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ವಿಶ್ವವಿದ್ಯಾನಿಲಯ ಆಯ್ಕೆಯನ್ನು ಮತ್ತೆ ತೆರೆಸಿತು. ಕೆಲವರು ಕಪ್ಪು ಹುಡುಗಿಯರಿಗೆ ಕರೆ ಬಂತು. ಜಾತಿಗೊಂದರಂತೆ ವಿದ್ಯಾರ್ಥಿನಿಲಯ ಕಟ್ಟಿಕೊಂಡ ನಾವು ಇದನ್ನು ಕೇವಲ ಪರದೇಶದ ಸುದ್ದಿಯೆಂದು ಓದಿಬಿಡಲಾರೆವು.

ಸದಸ್ಯೆಯ ಮಗಳು, ಮೊಮ್ಮಗಳಿಗೆ ಆಯ್ಕೆಯಲ್ಲಿ ಮೊದಲ ಮನ್ನಣೆಯೆಂಬ ವಾಡಿಕೆಯೂ ಈ ಸಂಘಗಳಲ್ಲಿ ಬಹಳ ಕಾಲದಿಂದ ಇತ್ತು. 2020ರ ವರ್ಣಭೇದ ವಿರೋಧಿ ಚಳವಳಿಯ ಬಳಿಕ ಹಲವು ರಾಷ್ಟ್ರೀಯ ಸಂಘಗಳು ಅದನ್ನು ಕೈಬಿಟ್ಟವು. ಸರಿಯಾದ ಕೆಲಸವೇ. ಆದರೆ ಮಾಡಿನ ರಿಪೇರಿಗೆ ಹಣ ಕೇಳಬೇಕಾದ್ದೂ ಆ ತಾಯಂದಿರನ್ನೇ, ಅಜ್ಜಿಯರನ್ನೇ. ಮೊಮ್ಮಗಳ ಹಕ್ಕನ್ನು ಕಿತ್ತುಕೊಂಡ ಕೈಯಲ್ಲೇ ರಸೀತಿ ಪುಸ್ತಕ ಹಿಡಿದು ಹೋಗುವುದು ಸುಲಭವಲ್ಲ. ಹಣ ಕೊಟ್ಟು ಹಕ್ಕು ಕೇಳದೆ ಇರಬಲ್ಲವರು ಎಷ್ಟು ಮಂದಿ ಎಂಬುದರ ಮೇಲೆ ಆ ಮನೆಗಳ ಆಯುಷ್ಯ ನಿಂತಿದೆಯೆಂದು ನನಗೆ ತೋರುತ್ತದೆ.

ಮನೆಯೊಂದಿಲ್ಲದಿದ್ದರೆ ಹಳೆಯ ಗೆಳತಿಯರು ಚದುರಿಹೋಗುತ್ತಾರೆ, ಆದ್ದರಿಂದ ಏನು ಮಾಡಿಯಾದರೂ ಮನೆ ಉಳಿಸಬೇಕು ಎಂಬುದು ಅದರ ಪಕ್ಷದವರ ದೊಡ್ಡ ವಾದ. ಕಪ್ಪು ಹೆಂಗಸರ ಸಂಘಗಳ ಇತಿಹಾಸ ಈ ವಾದಕ್ಕೆ ಪುಷ್ಟಿ ಕೊಡುವುದಿಲ್ಲ. 1908ರಲ್ಲಿ ಹೊವರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಲ್ಫಾ ಕಾಪಾ ಆಲ್ಫಾ, 1913ರಲ್ಲಿ ಅಲ್ಲಿಯೇ ಡೆಲ್ಟಾ ಸಿಗ್ಮಾ ಥೀಟಾ ಹುಟ್ಟಿದವು. ಅವುಗಳ ಬಹುಪಾಲು ಶಾಖೆಗಳಿಗೆ ಕಂಬದ ಮನೆಗಳಿಲ್ಲ. ಆದರೂ ಪದವೀಧರೆಯರ ಶಾಖೆಗಳು ಊರೂರಿನಲ್ಲಿಯೂ ಇವೆ. ಓದು ಮುಗಿದ ಮೇಲೆಯೂ ಸೇರಬಹುದು. ಅವರನ್ನು ಕೂಡಿಸಿದ್ದು ಕೆಲಸ. ಡೆಲ್ಟಾದವರು ಹುಟ್ಟಿದ ಎರಡೇ ತಿಂಗಳಿಗೆ, 1913ರ ಮಾರ್ಚಿ 3ರಂದು, ವಾಷಿಂಗ್‌ಟನ್ನಿನ ಮತದ ಹಕ್ಕಿನ ಮೆರವಣಿಗೆಯಲ್ಲಿ ನಡೆದರು. ಆಲ್ಫಾ ಕಾಪಾ ಆಲ್ಫಾದ ವೈದ್ಯೆಯರು, ದಾದಿಯರು, ಉಪಾಧ್ಯಾಯಿನಿಯರು 1935ರಿಂದ 1942ರವರೆಗೆ ಬೇಸಗೆಯಲ್ಲಿ ಮಿಸಿಸಿಪಿಯ ಹತ್ತಿಯ ಸೀಮೆಗೆ ಹೋಗಿ ಬಡ ಒಕ್ಕಲುಮಕ್ಕಳಿಗೆ ಸಿಡುಬು, ಗಂಟಲಮಾರಿಗಳ ಲಸಿಕೆ ಹಾಕಿದರು. ತೋಟದ ಧಣಿಗಳು ತಮ್ಮ ಒಕ್ಕಲನ್ನು ಚಿಕಿತ್ಸಾಲಯಕ್ಕೆ ಕಳುಹಿಸಲೊಪ್ಪದಿದ್ದಾಗ ಈ ಹೆಂಗಸರು ಚಿಕಿತ್ಸಾಲಯವನ್ನೇ ಕಾರುಗಳಲ್ಲಿ ಹೇರಿಕೊಂಡು ತೋಟಗಳಿಗೆ ಹೋದರು. ಆ ಸಂಘದ ಸದಸ್ಯೆ ಕಮಲಾ ಹ್ಯಾರಿಸ್ 2024ರಲ್ಲಿ ಅಧ್ಯಕ್ಷ ಪದವಿಗೆ ನಿಂತಾಗ ಅವರ ಬೆನ್ನಿಗೆ ನಿಂತ ಹಳೆಯ ಸೋದರಿಯರ ದಂಡು ಯಾವ ಮಾಡಿನ ಕೆಳಗೂ ಹಿಡಿಸುವಂಥದಾಗಿರಲಿಲ್ಲ.

ದಕ್ಷಿಣ ಏಷ್ಯಾ ಮೂಲದ ತರುಣಿಯರೂ ಅಲ್ಲಿ ತಮ್ಮವೇ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಹ್ಯೂಸ್ಟನ್ನಿನಲ್ಲಿ ಡೆಲ್ಟಾ ಫೈ ಒಮೇಗಾ, ಆಸ್ಟಿನ್ನಿನಲ್ಲಿ ಕಾಪಾ ಫೈ ಗಾಮಾ, ಎರಡೂ 1998ರಲ್ಲಿ ಆರಂಭವಾದವು. ಅಮೆರಿಕದಲ್ಲಿ ನೆಲಸಿದ ನಮ್ಮ ಕನ್ನಡದ ಮನೆಗಳ ಹೆಣ್ಣುಮಕ್ಕಳಿಗೂ ಇವುಗಳ ಬಾಗಿಲು ತೆರೆದಿದೆ. ಮೊದಲು ಸೇರಿದವರು ಈಗ ಐವತ್ತರ ಹತ್ತಿರಕ್ಕೆ ಬಂದಿದ್ದಾರೆ. ಕೈಯಲ್ಲಿ ಹಣವಿರುವ, ಹಳೆಯ ದಿನಗಳನ್ನು ನೆನೆಯುವ ವಯಸ್ಸು. ನಮಗೂ ಒಂದು ಮನೆ ಕೊಂಡರಾಗದೆ ಎಂದು ಅವರಲ್ಲಿ ಯಾರಾದರೂ ಕೇಳುವ ಕಾಲ ದೂರವಿಲ್ಲ.