ತೆಂಗಿಗೆ ಹುಳ, ಕೋಕೋಗೆ ಬಿಸಿಲು

ವಸಂತನರಸಾಪುರದ ಫುಡ್ ಪಾರ್ಕನ್ನು ಪ್ರಧಾನಿ ನರೇಂದ್ರ ಮೋದಿಯವರು 2014ರ ಸೆಪ್ಟೆಂಬರ್ 24ರಂದು ಉದ್ಘಾಟಿಸಿದರು. ರೈತ ಬೆಳೆದದ್ದು ಇಲ್ಲೇ ತಿಂಡಿ ತಿನಿಸಾಗಿ ಹೊರಗೆ ಹೋಗಬೇಕು ಎಂಬುದು ಮಾತು. ಒಳ್ಳೆಯದೇ. ಆದರೆ ಅದಕ್ಕೆ ಮೊದಲು ತೋಟದಲ್ಲಿ ಬೆಳೆ ಉಳಿಯಬೇಕಲ್ಲ ಸ್ವಾಮಿ?

ಗುಬ್ಬಿ, ಕುಣಿಗಲ್ ಕಡೆ ದಿನಾ ಬಸ್ಸಿನಲ್ಲಿ ಓಡಾಡುವವರು ಬೇಸಿಗೆಯಲ್ಲಿ ಕಿಟಕಿಯಾಚೆ ಕಣ್ಣು ಹಾಯಿಸಲಿ. ಬೆಂಕಿ ತಗುಲಿದ ಹಾಗೆ ಗರಿ ಒಣಗಿದ ತೆಂಗಿನ ಮರ ಕಂಡರೆ ಬರೀ ಬೋರ್‌ವೆಲ್ ಬತ್ತಿದ್ದಕ್ಕೆ ಹೀಗಾಯಿತು ಎಂದುಕೊಳ್ಳಬೇಡಿ. ಅದು ಕಪ್ಪು ತಲೆ ಹುಳುವಿನ ಕೆಲಸವೂ ಆಗಿರಬಹುದು. ಗರಿಯ ಅಡಿಯಲ್ಲಿ ಬಲೆ ನೇಯ್ದು, ತನ್ನ ಹಿಕ್ಕೆಯನ್ನೇ ಅಂಟಿಸಿಕೊಂಡು ಗೂಡು ಮಾಡಿ, ಒಳಗೆ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ಇದು ಹಳೇ ಶತ್ರು. ಹೊಸದು ಬಿಳಿ ನೊಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಮೊದಲು ಕಾಣಿಸಿಕೊಂಡು ನಮ್ಮ ರಾಜ್ಯಕ್ಕೂ ನುಗ್ಗಿತು. ಗರಿಯ ರಸ ಹೀರಿ ಸಕ್ಕರೆಪಾಕದಂಥ ಅಂಟು ಸುರಿಸುತ್ತದೆ. ಆ ಅಂಟಿನ ಮೇಲೆ ಮಸಿಯಂಥ ಬೂಷ್ಟು ಬೆಳೆಯುತ್ತದೆ.

2025ರಲ್ಲಿ ತೆಂಗಿನಕಾಯಿ ರೇಟು ಏರಿ ಹೋಟೆಲ್ ಚಟ್ನಿ ನೀರಾದದ್ದು ಅಂಗಡಿಯವರಿಗೆ ನೆನಪಿರಬೇಕು. ಇಳುವರಿ ಬಿದ್ದ ಕಾರಣಗಳಲ್ಲಿ ಈ ಹುಳಗಳೂ ಸೇರಿದ್ದವು.

ಈಗ ಮರದ ಕೆಳಗೆ ನೋಡೋಣ. ತೆಂಗು ಕಾಯಿ ಕೊಡುವುದಷ್ಟೇ ಅಲ್ಲ, ನೆರಳನ್ನೂ ಕೊಡುತ್ತದೆ. ಆ ನೆರಳಲ್ಲಿ ಬಾಳೆ, ಅಡಿಕೆ, ಮೆಣಸು, ಕೋಕೋ ಬದುಕುತ್ತವೆ. ಕೋಕೋ ಹೆಚ್ಚಾಗಿ ದಕ್ಷಿಣ ಕನ್ನಡದ ಕಡೆಯ ಬೆಳೆ. ಅಲ್ಲಿ ಕ್ಯಾಂಪ್ಕೋದವರು 1986ರಲ್ಲೇ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರು ಮಾಡಿದರು. ನಮ್ಮ ಬಯಲುಸೀಮೆಯ ತೋಟದವರು ಕೋಕೋ ಹಾಕಬೇಕೆಂದರೆ ಮೊದಲು ಮೇಲಿನ ಗರಿ ನೋಡಬೇಕು. ಅದು ಅರೆನೆರಳಿನ ಗಿಡ, ಎಳೆಯದಕ್ಕೆ ಇನ್ನೂ ಹೆಚ್ಚು ನೆರಳು ಬೇಕು. ಹುಳ ಗರಿ ತಿಂದರೆ ನಮ್ಮ ಏಪ್ರಿಲ್ ಬಿಸಿಲು ನೇರ ಎಲೆಗೆ ಹೊಡೆಯುತ್ತದೆ. ಬಿಳಿ ನೊಣ ಕೂತರೆ ಮೇಲಿನ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು ಅವೂ ಕಪ್ಪಾಗುತ್ತವೆ. ಎಲೆ ಮಸಿ ಹಿಡಿದರೆ ಗಿಡ ಅನ್ನ ಬೇಯಿಸಿಕೊಳ್ಳೋದು ಹೇಗೆ?

ಹಾಗಾದರೆ ಪಂಪ್ ತಂದು ವಿಷ ಹೊಡೆದುಬಿಡೋಣ ಅನ್ನುವವರಿದ್ದಾರೆ. ಇಲ್ಲೇ ಮೋಸ ಇರುವುದು. ಕೋಕೋ ಹೂವಿಗೆ ಜೇನುನೊಣ ಅಷ್ಟಾಗಿ ಬರುವುದಿಲ್ಲ. ಅದನ್ನು ಕಾಯಿ ಕಟ್ಟಿಸುವುದು ಕಣ್ಣಿಗೆ ಸರಿಯಾಗಿ ಕಾಣದ ಒಂದು ಗುಂಗುರು. ಬುಡದಲ್ಲಿ ಕೊಳೆತ ಎಲೆ, ಬಾಳೆದಿಂಡು, ಕೋಕೋ ಸಿಪ್ಪೆಯಲ್ಲಿ ಅದು ಮರಿ ಮಾಡುತ್ತದೆ. ಮೇಲೆ ಹೊಡೆದ ವಿಷ ಕೆಳಗಿಳಿದರೆ ಹುಳು ಸಾಯುವ ಮೊದಲೇ ಈ ಗುಂಗುರು ಸಾಯುತ್ತದೆ. ಗಿಡ ಹೂ ಬಿಡುತ್ತದೆ, ಕಾಯಿ ಇರುವುದಿಲ್ಲ. ಬಿಳಿ ನೊಣವನ್ನು ತಿಂದು ಮುಗಿಸುವ ಎನ್ಕಾರ್ಸಿಯಾ ಎಂಬ ಪುಟ್ಟ ಕಣಜವೂ ಅದೇ ವಿಷಕ್ಕೆ ಬಲಿ. ಕಪ್ಪು ತಲೆ ಹುಳಕ್ಕೆ ಹಿಂದೆ ತೆಂಗಿನ ಬೇರಿಗೆ ಮೊನೊಕ್ರೊಟೊಫಾಸ್ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಒಂದೂವರೆ ತಿಂಗಳು ಎಳನೀರು ಕೀಳಬಾರದು ಎಂದು ನಿಯಮವೇ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಕುಡಿಯುವವನು ತೋಟದವನ ಕ್ಯಾಲೆಂಡರ್ ನೋಡಿ ಕುಡಿಯುತ್ತಾನೆಯೇ?

ಔಷಧಿ ಇಲ್ಲವೆಂದಲ್ಲ. ಕಪ್ಪು ತಲೆ ಹುಳಕ್ಕೆ ಗೋನಿಯೋಜಸ್ ಎಂಬ ಕಣಜವಿದೆ. ಹುಳುವನ್ನು ಕುಟುಕಿ, ಅಲುಗಾಡದಂತೆ ಮಾಡಿ, ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಹುಳುವನ್ನೇ ಊಟ ಮಾಡುತ್ತವೆ. ತೋಟಗಾರಿಕೆ ಇಲಾಖೆಯವರು ಪ್ರಯೋಗಾಲಯದಲ್ಲಿ ಇದನ್ನು ಸಾಕಿ ಬಿಡುಗಡೆ ಮಾಡಿಸುತ್ತಾರೆ. ಬಿಳಿ ನೊಣಕ್ಕೆ ಬೇವಿನೆಣ್ಣೆ, ಜೋರಾಗಿ ನೀರು ಸಿಂಪಡಣೆ ಹೇಳುತ್ತಾರೆ. ಎಲ್ಲ ಸರಿ. ಆದರೆ ಒಬ್ಬನ ತೋಟದಲ್ಲಿ ಬಿಟ್ಟು ಪಕ್ಕದವನು ಬಿಡದಿದ್ದರೆ ಬೇಲಿ ದಾಟಿ ಚಿಟ್ಟೆ ಮತ್ತೆ ಬಂದು ಮೊಟ್ಟೆ ಇಡುತ್ತದೆ. ಹುಳುವಿಗೆ ಸರ್ವೆ ನಂಬರ್ ಗೊತ್ತಿಲ್ಲ.

ಅದಕ್ಕೆ ನಮ್ಮ ಒತ್ತಾಯ ಒಂದೇ. ಅರ್ಜಿ ಹಾಕಿದವನಿಗೆ ಒಂದು ಡಬ್ಬಿ ಕೊಟ್ಟು ಕೈ ತೊಳೆದುಕೊಳ್ಳುವುದನ್ನು ಇಲಾಖೆ ಬಿಡಲಿ. ಊರಿಗೆ ಊರೇ ಒಂದೇ ವಾರ ಬಿಡುವಂತೆ ಮಾಡಿಸಲಿ, ಹದಿನೈದು ದಿನಕ್ಕೊಮ್ಮೆ ಮೂರು ನಾಲ್ಕು ಸಲ. ಕೊನೇಹಳ್ಳಿ, ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಜೊತೆಗೆ ಕರೆಯಲಿ. ಹುಳುವಿನ ಹಾವಳಿ ಬೇಸಿಗೆಯಲ್ಲಿ ಜೋರು, ಮಳೆ ಬಿದ್ದ ಮೇಲೆ ಡಬ್ಬಿ ಬಂದರೆ ಪ್ರಯೋಜನವಿಲ್ಲ. ಯಾವ ಊರಿಗೆ ಯಾವ ವಾರ ಎಂಬ ಪಟ್ಟಿ ಸಂಕ್ರಾಂತಿಯೊಳಗೆ ಪಂಚಾಯಿತಿ ಬೋರ್ಡಿನ ಮೇಲೆ ಇರಲಿ.