ಬಾಣಕ್ಕೆ ಬಾಲವೇಕೆ?

ಕಳೆದ ಭಾನುವಾರ ಮೊಮ್ಮಗಳು ಬಿಲ್ಲುಗಾರನ ಚಿತ್ರ ಬರೆದು ತಂದಳು. ಬಾಣದ ಗರಿಗಳು ಮೊನೆಯ ಹತ್ತಿರವೇ ಇದ್ದವು. "ಗರಿ ಹಿಂದಿರಬೇಕಲ್ಲವೇನೇ ಪುಟ್ಟಿ?" ಎಂದೆ. "ಎಲ್ಲಿದ್ದರೇನು ತಾತ, ಅಂದಕ್ಕೆ ತಾನೇ?" ಎಂದಳು. ಅರವತ್ತು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ. ಅದರ ಗುರುತು ನನ್ನ ತಮ್ಮನ ಹುಬ್ಬಿನ ಮೇಲೆ ಇನ್ನೂ ಇದೆ.

ನಾನಾಗ ಐದನೇ ತರಗತಿ. ಮೇಷ್ಟ್ರು ವಿಲಿಯಂ ಟೆಲ್‌ನ ಕಥೆ ಹೇಳಿದ್ದರು. ಸ್ವಿಟ್ಜರ್‌ಲೆಂಡಿನ ಆಲ್ಟ್‌ಡಾರ್ಫ್ ಎಂಬ ಊರಿನಲ್ಲಿ ಗೆಸ್ಲರ್ ಎಂಬ ಅಧಿಕಾರಿ ಕಂಬಕ್ಕೆ ತನ್ನ ಟೋಪಿ ಸಿಕ್ಕಿಸಿ, ಎಲ್ಲರೂ ಅದಕ್ಕೆ ನಮಸ್ಕರಿಸಬೇಕು ಎಂದನಂತೆ. ಟೆಲ್ ತಲೆ ಬಾಗಿಸಲಿಲ್ಲ. ಮಗನ ತಲೆಯ ಮೇಲೆ ಸೇಬು ಇಟ್ಟು ಹೊಡೆ ಎಂದು ಅಪ್ಪಣೆಯಾಯಿತು. ಹಣ್ಣಿಗೆ ಬಾಣ ಬಿತ್ತು, ಹುಡುಗ ಉಳಿದ. ಇದು ನಡೆದದ್ದು 1307ರಲ್ಲಿ ಎಂದು ಅಲ್ಲಿಯವರು ಹೇಳುತ್ತಾರೆ. ಟೆಲ್ ಎಂಬವನು ಇದ್ದದ್ದೇ ಅನುಮಾನ ಎನ್ನುತ್ತಾರೆ ಚರಿತ್ರೆ ಬಲ್ಲವರು. ನನಗೆ ಯಾವ ಅನುಮಾನವೂ ಇರಲಿಲ್ಲ.

ಬಿದಿರ ಸೀಳಿನ ಬಿಲ್ಲು, ಪೊರಕೆ ಕಡ್ಡಿಯ ಬಾಣ. ಎರಡು ಕೋಳಿಗರಿಗಳನ್ನು ಮೊನೆಯ ಪಕ್ಕದಲ್ಲೇ ದಾರದಿಂದ ಬಿಗಿದೆ; ನೋಡಲು ಹಕ್ಕಿಯ ಹಾಗಿತ್ತು. ಸೇಬು ನಮ್ಮೂರಲ್ಲೆಲ್ಲಿ? ತಮ್ಮನ ತಲೆಯ ಮೇಲೆ ಸೀಬೆಹಣ್ಣು ಇಟ್ಟೆ. "ಅಣ್ಣ, ಹಣ್ಣು ಆಮೇಲೆ ನನಗೇ ತಾನೇ?" ಎಂದು ಕೇಳಿ ಕಣ್ಣು ಮುಚ್ಚಿ ನಿಂತ. ಬಾಣ ಎರಡು ಮಾರು ಹೋಗುವಷ್ಟರಲ್ಲಿ ಅಡ್ಡ ತಿರುಗಿ ಹುಬ್ಬು ಸೀಳಿತು. ಕಣ್ಣಿಗೂ ಗಾಯಕ್ಕೂ ನಡುವೆ ಅರ್ಧ ಬೆರಳು. ಅಮ್ಮ ನನ್ನನ್ನು ಹೊಡೆಯಲಿಲ್ಲ. ಅರಿಸಿನ ಒತ್ತುತ್ತ ಅಳುತ್ತಿದ್ದಳು. ಹೊಡೆದಿದ್ದರೇ ಚೆನ್ನಾಗಿತ್ತು.

ತಮ್ಮನನ್ನು ನಿಲ್ಲಿಸಿದ್ದೇ ದೊಡ್ಡ ತಪ್ಪು, ಅದಿರಲಿ. ಗರಿಯದು ಎರಡನೆಯ ತಪ್ಪು. ಮಕ್ಕಳೇ, ಬಾಗಿಲನ್ನು ಕೀಲಿನ ಪಕ್ಕದಲ್ಲಿ ತಳ್ಳಿ ನೋಡಿ, ಜಗ್ಗುವುದಿಲ್ಲ. ಅಂಚಿನಲ್ಲಿ ತಳ್ಳಿದರೆ ಒಂದು ಬೆರಳು ಸಾಕು. ಬಾಣಕ್ಕೂ ಅಂಥ ಕೀಲಿನ ಜಾಗವಿದೆ: ಬೆರಳ ಮೇಲೆ ಅಡ್ಡ ಇಟ್ಟಾಗ ಎತ್ತಲೂ ವಾಲದೆ ನಿಲ್ಲುವ ಜಾಗ. ಮೊನೆಗೆ ಕಬ್ಬಿಣವಿದ್ದರೆ ಅದು ನಡುವಿಗಿಂತ ಕೊಂಚ ಮುಂದಿರುತ್ತದೆ. ಹಾರುವ ಬಾಣ ಓರೆಯಾದೊಡನೆ ಗಾಳಿ ಗರಿಯನ್ನು ತಳ್ಳುತ್ತದೆ. ಗರಿ ಬಾಲದಲ್ಲಿದ್ದರೆ ಬಾಲ ಮತ್ತೆ ನೇರಕ್ಕೆ ಬರುತ್ತದೆ. ಮುಂದಿದ್ದರೆ ಮೊನೆಯೇ ಇನ್ನಷ್ಟು ಓರೆ! ನಡುವೆ ಇದ್ದರೆ, ಕೀಲಿನ ಪಕ್ಕ ತಳ್ಳಿದ ಬಾಗಿಲಿನ ಕಥೆ.

ಟೆಲ್‌ನ ಕೈಯಲ್ಲಿದ್ದದ್ದು ಕ್ರಾಸ್‌ಬೋ, ಅಂದರೆ ಉದ್ದನೆಯ ಮರದ ತುದಿಗೆ ಅಡ್ಡಲಾಗಿ ಕೂರಿಸಿದ ಬಿಲ್ಲು. ಹೆದೆ ಎಳೆದು ಸಿಕ್ಕಿಸಿ, ಬಾಣವನ್ನು ಮರದ ಮೇಲೆ ಮಲಗಿಸಿ, ಟ್ರಿಗರ್ ಒತ್ತಬೇಕು. ಇಲ್ಲಿ ಗರಿಯದು ಇನ್ನೊಂದು ತಾಪತ್ರಯ. ಬಾಣದ ಕೆಳಗೂ ಗರಿಯಿದ್ದರೆ ಮರಕ್ಕೆ ಉಜ್ಜುತ್ತದಲ್ಲ! ಅದಕ್ಕೇ ಹಿಂದಿನ ಕಾಲದ ಯುರೋಪಿನವರು ಸಾಮಾನ್ಯವಾಗಿ ಎಡಕ್ಕೊಂದು ಬಲಕ್ಕೊಂದು, ಎರಡೇ ಇಡುತ್ತಿದ್ದರು. ಎಷ್ಟೋ ಸಲ ಅವು ಹಕ್ಕಿಯ ಗರಿಯೂ ಅಲ್ಲ, ತೆಳುವಾದ ಮರದ ಚಕ್ಕೆ ಅಥವಾ ತೊಗಲು. ಈಗಿನ ಬಾಣಗಳಿಗೆ ಹೆಚ್ಚಾಗಿ ಮೂರು ಪ್ಲಾಸ್ಟಿಕ್ ಗರಿ, ಒಂದರ ಬಣ್ಣ ಮಾತ್ರ ಬೇರೆ. ಆ ಬೇರೆ ಬಣ್ಣದ್ದು ಕೆಳಮುಖವಾಗಿ, ಕೊರೆದ ತೋಡಿನೊಳಗೆ ಕೂರಬೇಕು. ಮರೆತು ತಿರುಗಿಸಿ ಇಟ್ಟರೆ ಗರಿ ಅಂಚಿಗೆ ತಾಗಿ, ಬಾಣ ಹೊರಡುವಾಗಲೇ ದಾರಿ ತಪ್ಪುತ್ತದೆ.

ಗರಿಯನ್ನು ಕೊಂಚ ಓರೆಯಾಗಿ ಅಂಟಿಸುವುದೂ ಉಂಟು. ಆಗ ಬಾಣ ಬುಗುರಿಯಂತೆ ತಿರುಗುತ್ತ ಸ್ಥಿರವಾಗಿ ಸಾಗುತ್ತದೆ. ಹಕ್ಕಿಯ ಗರಿಯಾದರೆ ಎಲ್ಲವೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು, ಏಕೆಂದರೆ ಎಡರೆಕ್ಕೆಯವು ಬಾಗುವುದು ಒಂದು ಕಡೆ, ಬಲರೆಕ್ಕೆಯವು ಇನ್ನೊಂದು ಕಡೆ. ಅಂದಹಾಗೆ, ನಾವು ಹಿರಿಯರು "ಪುಂಖಾನುಪುಂಖ" ಎನ್ನುತ್ತೇವಲ್ಲ, ಆ ಪುಂಖವೆಂದರೆ ಬಾಣದ ಈ ಗರಿಯ ತುದಿಯೇ.

ಮೊಮ್ಮಗಳು ರಬ್ಬರಿನಿಂದ ಗರಿಗಳನ್ನು ಉಜ್ಜಿ, ಬಾಲಕ್ಕೆ ಬರೆದಳು. ಆಮೇಲೆ ನನ್ನ ತಮ್ಮನಿಗೆ ಫೋನ್ ಮಾಡಿದಳು. "ಚಿಕ್ಕತಾತ, ಆ ಸೀಬೆಹಣ್ಣು ಯಾರು ತಿಂದರು?"

"ಇನ್ಯಾರು? ನಿಮ್ಮ ತಾತ!"